ಹಗ್ಗ ಜಗ್ಗಿದರೆ ವಿಮಾನ ನಿಲ್ಲುವುದಿಲ್ಲ

ಮಂಗಳವಾರ ಬೆಳಿಗ್ಗೆ ನಾನು ವಿಮಾನವನ್ನು ಇಳಿಸಲಿಲ್ಲ. ನೆಲಕ್ಕೆ ಒಗೆದೆ.

ಹೌದು, ಸರಿಯಾಗಿಯೇ ಓದಿದಿರಿ. ಪ್ರತಿ ವಾರ ಇಲ್ಲಿ ರೇಷನ್ ಅಂಗಡಿ, ಬಸ್ ಸ್ಟ್ಯಾಂಡು, ನಮ್ಮ ಹೈಸ್ಕೂಲಿನ ಸ್ಟಾಫ್ ರೂಮು ಅಂತ ಬರೆಯುವ ಇದೇ ಭೂಗೋಳದ ಟೀಚರು ಎರಡು ಸೀಟಿನ ವಿಮಾನವೊಂದನ್ನು ನೆಲಕ್ಕೆ ಕುಕ್ಕಿದ್ದಾಳೆ. ಕೆಳತುಟಿಗೆ ಹೊಲಿಗೆ ಬಿದ್ದಿದೆ. (ಹಾಗಾಗಿ ಈ ವಾರ ಮಾತು ಕಡಿಮೆ, ಬರವಣಿಗೆ ಜಾಸ್ತಿ. ನಮ್ಮ ಮನೆಯವರಿಗೆ ಅದೊಂದೇ ಸಮಾಧಾನ.)

ವಿಜಾಪುರದ ಹೊರಗಿನ ಬಯಲಿನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿನವರು ಎರಡು ಪುಟ್ಟ ವಿಮಾನ ತಂದು ಬೇಸಿಗೆ ಶಿಬಿರ ಹಾಕಿದ್ದಾರೆ. ಕಲಿಯುವವರಲ್ಲಿ ಹೆಂಗಸು ನಾನೊಬ್ಬಳೇ. ಕಲಿಸುವವರು ಕಾಖಂಡಕಿಯವರು, ಏರ್‌ಫೋರ್ಸಿನಿಂದ ರಿಟೈರ್ ಆದವರು. ನಮಗೆಲ್ಲ ಅವರು ಸಾಹೇಬರು. ಪಾಠ ಇಂಗ್ಲಿಷಿನಲ್ಲಿ. ಸಿಟ್ಟು ಬಂದರೆ ಮಾತ್ರ ಅಪ್ಪಟ ಊರ ಕನ್ನಡ.

ಅಂದು ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಬಬಲೇಶ್ವರದ ರಸ್ತೆ ಹಿಡಿದು ಹೋಗಿ ತಿರುಗಿದೆವು. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಡೋಣಿ ನದಿಯನ್ನು ಮೇಲಿನಿಂದ ಕಂಡೆ. ನಾನು ಗೀಚಿದ್ದಕ್ಕಿಂತ ಎಷ್ಟೊಂದು ಸೊಟ್ಟ! ಖುಷಿಯಿಂದ ಕಣ್ಣು ತುಂಬಿತು.

ಇಳಿಯುವಾಗ ಕೆಟ್ಟಿತು. ನೆಲ ಮೈಮೇಲೇ ಬಂದಂತಾಯಿತು. ನಿಲ್ಲಿಸಬೇಕು, ಈಗಲೇ ನಿಲ್ಲಿಸಬೇಕು ಅನಿಸಿತು. ಮೊಣಕಾಲುಗಳ ನಡುವಿನ ಸ್ಟಿಕ್ಕನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡೆ. ವಿಮಾನದ ಮೂತಿ ಮೇಲಕ್ಕೆದ್ದಿತು.

“ಬಿಡ್ರಿ! ಬಿಡ್ರಿ!” ಪಕ್ಕದ ಸೀಟಿನಿಂದ ಸಾಹೇಬರು ಕೂಗಿದರು.

ಬಿಡಲಿಲ್ಲ. ವಿಮಾನ ಗಾಳಿಯಲ್ಲಿ ಒಂದು ಕ್ಷಣ ನಿಂತೇಬಿಟ್ಟಿತು. ಆಮೇಲೆ ಧೊಪ್ಪೆಂದು ಬಿತ್ತು. ಎಡಗಡೆಯ ಗಾಲಿ ಮುರಿದು, ರೆಕ್ಕೆಯಿಂದ ಮಣ್ಣು ಕೆರೆಯುತ್ತಾ ಅರ್ಧ ಸುತ್ತು ತಿರುಗಿ ನಿಂತೆವು. ಸಾಹೇಬರಿಗೆ ಏನೂ ಆಗಿರಲಿಲ್ಲ. ನನ್ನ ಬಾಯಿ ತುಂಬ ರಕ್ತ.

ಅವರು ಕರ್ಚೀಫು ಕೊಟ್ಟು ಕೇಳಿದರು, “ಯಾಕ ಜಗ್ಗಿದ್ರಿ ಅಕ್ಕೋರ?”

“ನಿಲ್ಲಲಿ ಅಂತರಿ.”

ನನ್ನನ್ನೇ ನೋಡಿದರು. “ನಿಮ್ಮ ಮನ್ಯಾಗ ಚಕ್ಕಡಿ ಇತ್ತೇನ್ರಿ?”

ಇತ್ತು. ತಿಕೋಟಾದ ತವರಿನಲ್ಲಿ ಅಕ್ಷರ ಕಲಿಯುವ ಮೊದಲೇ ಚಕ್ಕಡಿ ಹೊಡೆಯಲು ಕಲಿತವಳು ನಾನು. ಎತ್ತುಗಳು ಓಡಿದರೆ ಹಗ್ಗ ಜಗ್ಗಬೇಕು, ಜಗ್ಗಿದರೆ ನಿಲ್ಲುತ್ತವೆ. ತಲೆ ಎಷ್ಟೇ ಇಂಗ್ಲಿಷ್ ಪಾಠ ಕೇಳಿದ್ದರೂ ಕೈಗಳಿಗೆ ಗೊತ್ತಿದ್ದದ್ದು ಅಷ್ಟೇ.

“ಎತ್ತು ಜಗ್ಗಿದ್ರ ನಿಲ್ತಾವ್ರಿ. ಇದು ನಿಂತ್ರ ಬೀಳತೈತಿ. ಓಡಾಕ ಬಿಡಬೇಕ್ರಿ ಇದನ್ನ” ಅಂದರು. “ತುಟಿ ಮಾಯಲಿ. ಇನ್ನೊಂದು ವಿಮಾನ ಐತಲ್ಲ, ಸೋಮವಾರ ಬರ್ರಿ.”

ಮನೆಯಲ್ಲಿ ಆ ಸೋಮವಾರದ ಮಾತೆತ್ತುವಂತಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ಚಹಾ ಕುಡಿದು ಒಂದೇ ತೀರ್ಪು ಕೊಟ್ಟು ಹೋದರು. “ಜೀವಂತ ಬಂದಾಳಲ್ಲ, ಸಾಕು. ಇನ್ನ ಅದರ ಹೆಸರು ಎತ್ತಬ್ಯಾಡ್ರಿ.” ನನಗೆ ಹೆದರಿಕೆ ಇರಲಿಲ್ಲವೇ? ಇತ್ತು. ಕಣ್ಣು ಮುಚ್ಚಿದರೆ ನೆಲ ಎದ್ದು ಬರುತ್ತಿತ್ತು. ಆದರೆ ಈಗ ಬಿಟ್ಟರೆ ಇನ್ನೆಂದೂ ಹತ್ತಲಾರೆ ಎನ್ನುವುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು.

ಗುರುವಾರ ತಿಕೋಟಾದಿಂದ ಅಣ್ಣ ಬಂದ. ಚಪ್ಪಲಿ ಬಿಡುವ ಮೊದಲೇ ಶುರು.

“ಸಾಕು ಬಿಡ ತಂಗಿ. ಹೆಣ್ಮಗಳಿಗೆ ಯಾಕ ಬೇಕಿದು? ಎರಡು ಮಕ್ಕಳ ತಾಯಿ ನೀ.”

“ಅಣ್ಣಾ, ಬಿಜ್ಜರಗಿ ದಾರ್ಯಾಗ ನೀ ಚಕ್ಕಡಿ ಕೆಡವಿದ್ದಿ. ನೆನಪೈತೇನು?”

“ಐತಿ. ಕೈ ಮುರಕೊಂಡಿದ್ನಿ.”

“ಆಮ್ಯಾಲ ಚಕ್ಕಡಿ ಹೊಡ್ಯೂದು ಬಿಟ್ಟೇನು?”

“ಯಾಕ ಬಿಡ್ಲಿ? ತಪ್ಪು ನಂದಲ್ಲ, ಎಡಗಡಿ ಎತ್ತು ಬೆದರಿತ್ತು.” ಹೇಳಿದವನೇ ಅಣ್ಣ ಚಪ್ಪಲಿ ಬಿಡಲು ಬಾಗಿದ. ನಮ್ಮ ಮನೆಯವರು ಪೇಪರಿನ ಹಿಂದೆ ಕೆಮ್ಮಿದರು. (ಅದು ಕೆಮ್ಮಲ್ಲ, ನಗು. ಮದುವೆಯಾಗಿ ಇಷ್ಟು ವರ್ಷವಾಯಿತು, ಗೊತ್ತಾಗುವುದಿಲ್ಲವೇ?)

ಸೋಮವಾರ ಹೋಗುತ್ತೇನೆ. ಅಣ್ಣನಿಗೆ ಹೇಳಿದ್ದೇನೆ, ಮನೆಯವರಿಗೆ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಕೈಗಳಿಗೆ ಹೊಸದಾಗಿ ಕಲಿಸಬೇಕಾಗಿದೆ. ಮೂವತ್ತು ದಾಟಿದ ಕೈಗಳು, ಮೊಂಡು ಮಾಡುತ್ತವೆ. ಮಾಡಲಿ. ಮೊಂಡು ಮಕ್ಕಳಿಗೆ ಪಾಠ ಹೇಳುವುದೇ ನನ್ನ ಕೆಲಸ.

ಬಂದು ಬುದ್ಧಿ ಹೇಳಿದವರನ್ನೆಲ್ಲ ಒಂದು ಮಾತು ಮಾತ್ರ ಕೇಳಬೇಕು. ಅಣ್ಣ ಚಕ್ಕಡಿ ಕೆಡವಿದ ದಿನ ಓಣಿಗೆ ಓಣಿಯೇ ಎತ್ತಿಗೆ ಬೈದಿತ್ತು. ನಾನು ವಿಮಾನ ಕೆಡವಿದಾಗ, ತಪ್ಪು ಹೊರಿಸಲು ನಿಮಗೆ ಒಂದು ಎತ್ತೂ ಸಿಗಲಿಲ್ಲವೇ?