ಫ್ಲೆಕ್ಸಿನ ಮೂಲೆಯಲ್ಲೊಂದು ಮುಖ

ನನ್ನ ಮುಖ ಅಂಥ ಚೆನ್ನಾಗೇನೂ ಇಲ್ಲ. ನನ್ನ ಹೆಂಡತಿ ಈ ಮಾತನ್ನು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಆಮೇಲೆ ಮತ್ತೆ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಆದರೂ ಕೊಳ್ಳೇಗಾಲದಲ್ಲಿ ನಾನು ಅಚ್ಚು ಹಾಕಿಕೊಡುವ ದೊಡ್ಡ ಫ್ಲೆಕ್ಸುಗಳ ಹತ್ತಿರ ಹೋಗಿ ನೀವು ಕಣ್ಣು ಕಿರಿದು ಮಾಡಿ ನೋಡಿದರೆ, ಬಲಗಡೆಯ ಕೆಳಮೂಲೆಯಲ್ಲಿ, ಶುಭ ಕೋರುವವರ ಸಾಲೆಲ್ಲ ಮುಗಿದು ಇನ್ನೇನು ಫ್ಲೆಕ್ಸೇ ಮುಗಿಯಬೇಕು ಅನ್ನುವಲ್ಲಿ, ನನ್ನ ಮುಖವೂ ನಗುತ್ತಾ ಕೂತಿರುತ್ತದೆ. ಹಾಕಲೇ ಎಂದು ಗಿರಾಕಿಯನ್ನು ಕೇಳುವುದಿಲ್ಲ. ಕೇಳಿದರೆ ಬೇಡ ಅಂದುಬಿಡುವ ಅಪಾಯವಿದೆ. ಹಿಂದಿನ ಕಾಲದ ಶಿಲ್ಪಿಗಳು ಎಲ್ಲೋ ಒಂದು ಕಂಬದ ಬುಡದಲ್ಲಿ ತಮ್ಮ ಹೆಸರು ಕೆತ್ತಿಕೊಳ್ಳುತ್ತಿದ್ದರಂತೆ. ಯಳಂದೂರಿನ ಬಳೆಮಂಟಪಕ್ಕೆ ಹೋದಾಗ ನಾನು ಅಂಥ ಹೆಸರಿಗಾಗಿ ಬಹಳ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಕಲ್ಲಿನಲ್ಲಿ ಬಳೆ ಬಿಡಿಸುವ ಪುಣ್ಯಾತ್ಮನಿಗೆ ತನ್ನ ನೆನಪೇ ಬರಲಿಲ್ಲವೇನೋ. ನನಗೆ ಹಾಗಲ್ಲ, ನನ್ನ ನೆನಪು ನನಗೆ ಯಾವಾಗಲೂ ಇರುತ್ತದೆ.

ಸಾರ್ವಜನಿಕರಿಗೆ ಯಾವುದರಲ್ಲಿ ಆಸಕ್ತಿ ಇದೆ ಎಂದು ತಿಳಿಯಲು ದೊಡ್ಡ ದೊಡ್ಡವರು ಏನೇನೋ ಸಮೀಕ್ಷೆ ಮಾಡಿಸುತ್ತಾರೆ. ಅವರು ನನ್ನ ಅಂಗಡಿಯಲ್ಲಿ ಒಂದು ವಾರ ಸ್ಟೂಲ್ ಹಾಕಿಕೊಂಡು ಕೂತರೆ ಸಾಕು. ಹುಟ್ಟುಹಬ್ಬ, ಗೃಹಪ್ರವೇಶ, ಪಕ್ಷಾಂತರ, ಮರಳಿ ಪಕ್ಷಾಂತರ, ಎಲ್ಲದರ ಮೇಲೂ ಜನರ ಪ್ರೀತಿ ಎಷ್ಟು ಅಡಿ ಉದ್ದ ಎಷ್ಟು ಅಡಿ ಅಗಲ ಎಂಬುದು ನನಗೆ ಗೊತ್ತು. ಫ್ಲೆಕ್ಸ್ ನಿಷೇಧಿಸಲಾಗಿದೆ ಎಂಬ ಫ್ಲೆಕ್ಸನ್ನು ಅಚ್ಚು ಹಾಕಿದವನೂ ನಾನೇ. ಅದರ ಮೂಲೆಯಲ್ಲೂ ನಾನಿದ್ದೆ.

ಹೆಂಗಸರಿಗೆಂದು ಹೊಸ ಹಾಕಿ ಲೀಗ್ ಶುರುವಾಗಿದೆ, ಆಟಗಾರ್ತಿಯರನ್ನು ಹರಾಜಿನಲ್ಲಿ ಕೊಳ್ಳುತ್ತಾರಂತೆ ಎಂಬ ಸುದ್ದಿ ಬಂದಾಗ ನನ್ನ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಂದರೆ ನಮ್ಮೂರಿಗೆ ಹಾಕಿಯಲ್ಲಿ ಆಸಕ್ತಿ ಇಲ್ಲ ಎಂದು ತೀರ್ಮಾನಿಸಿದೆ. ಎದುರಿನ ಟೀ ಹೋಟೆಲಿನ ಟಿವಿಯಲ್ಲಿ ಯಾರೋ ಆ ಚಾನೆಲ್ ಹಾಕಿದರೆ, ಇನ್ಯಾರೋ ರಿಮೋಟ್ ಕಿತ್ತುಕೊಂಡು ಯಾವುದೋ ಹಳೇ ಕ್ರಿಕೆಟ್ ಪಂದ್ಯ ಹಾಕುತ್ತಿದ್ದರು. ಯಾರು ಗೆದ್ದರೆಂದು ಎಲ್ಲರಿಗೂ ಗೊತ್ತಿದ್ದ ಪಂದ್ಯವನ್ನು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಹೀಗಿರುವಾಗ ಮಾದೇವಿ ಎಂಬ ಹುಡುಗಿಯನ್ನು ಒಂದು ತಂಡ ಕೊಂಡುಕೊಂಡಿತು. ಮಾದೇವಿ ಹನೂರು ತಾಲ್ಲೂಕಿನ ಹೂಗ್ಯಂನವಳು. ಓದಿದ್ದು ಇಲ್ಲಿ, ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದುಕೊಂಡು. ಶಾಲೆಯ ಪಿ.ಟಿ. ಟೀಚರ್ ಸುಶೀಲಾ ಮೇಡಂ ಬೆಳಗಾಗೆದ್ದು ಮೈದಾನದಲ್ಲಿ ಹೆಣ್ಣುಮಕ್ಕಳ ಕೈಗೆ ಸ್ಟಿಕ್ ಕೊಟ್ಟು ಓಡಿಸುವುದನ್ನು ನಾವೆಲ್ಲ ವಾಕಿಂಗ್ ಹೋಗುವಾಗ ಎಷ್ಟೋ ವರ್ಷ ನೋಡಿದ್ದೆವು. ನೋಡಿದ್ದೆವು ಅನ್ನುವುದಕ್ಕಿಂತ, ಚೆಂಡು ನಮ್ಮ ಕಾಲಿಗೆ ಬಡಿದೀತೆಂದು ಗೊಣಗಿದ್ದೆವು. ಆ ಗೊಣಗಾಟದ ನಡುವೆಯೇ ಈ ಹುಡುಗಿ ಬೆಳೆದು ಗೋಲ್‌ಕೀಪರ್ ಆಗಿದ್ದಳು.

ಈಗ ಟೀ ಹೋಟೆಲಿನಲ್ಲಿ ಹಾಕಿ ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಅವಳ ಮೊದಲ ಪಂದ್ಯ ನೋಡಿದ ಮೇಲೆ ಜನಕ್ಕೆ ಸ್ವಲ್ಪ ನಿರಾಸೆಯಾಯಿತು. ತಲೆಗೆ ಹೆಲ್ಮೆಟ್ಟು, ಕಾಲಿಗೆ ದಿಂಬಿನಂಥ ಪ್ಯಾಡು. ಒಳಗಿರುವುದು ನಮ್ಮ ಹುಡುಗಿಯೇ ಎಂದು ನಂಬುವುದು ಹೇಗೆ? ಮೇಲಾಗಿ ಪಂದ್ಯ ಮುಗಿಯುವವರೆಗೂ ಅವಳು ಒಂದೇ ಒಂದು ಗೋಲು ಹೊಡೆಯಲಿಲ್ಲ. ನಮ್ಮ ಕಡೆಯವಳೆಂದು ಬೇಕೆಂದೇ ಹಿಂದೆ ನಿಲ್ಲಿಸಿದ್ದಾರೆ, ಚೆಂಡೇ ಕೊಡುವುದಿಲ್ಲ ಎಂದು ಟೀ ಹೋಟೆಲಿನಲ್ಲಿ ರಾಜಕೀಯದ ಅನುಮಾನವೂ ಎದ್ದಿತು. ಹೂಗ್ಯಂನಲ್ಲಿ ಅವಳ ಅಜ್ಜಿ ಟಿವಿ ನೋಡಿ, "ಕೂಸು ಏನ್ ತಪ್ ಮಾಡ್ತು ಅಂತ ಮಕಕ್ಕೆ ಬೋನು ಆಕವ್ರೆ?" ಎಂದು ಕೇಳಿದಳಂತೆ. ಕಾಡಂಚಿನ ಊರು, ಅರಣ್ಯದವರು ಚಿರತೆಗೆ ಬೋನು ಇಡುವುದನ್ನು ಕಂಡವಳು. ನನಗೆ ಅಜ್ಜಿಯ ಪ್ರಶ್ನೆಯೇ ಉಳಿದವರ ವಿಮರ್ಶೆಗಿಂತ ಮೇಲು ಅನ್ನಿಸಿತು.

ಲೀಗ್ ಮುಗಿದು ಮಾದೇವಿ ಎರಡು ದಿನ ರಜೆಯ ಮೇಲೆ ಬರುತ್ತಾಳೆ ಎಂದು ಗೊತ್ತಾದ ಕೂಡಲೇ ಸನ್ಮಾನದ ಪ್ರಶ್ನೆ ಬಂತು. ಸನ್ಮಾನ ನಮ್ಮ ಸೀಮೆಯ ನಿಜವಾದ ಆಟ. ಅದಕ್ಕೆ ಮೈದಾನ, ತಂಡ, ಮೀಸಲು ಆಟಗಾರರು ಎಲ್ಲ ಇರುತ್ತಾರೆ. ಎದುರಾಳಿ ಮಾತ್ರ ಒಬ್ಬನೇ, ಸನ್ಮಾನಿತ. ಹುಟ್ಟೂರು ನಮ್ಮದು, ಆದ್ದರಿಂದ ಹುಡುಗಿ ನಮ್ಮವಳು ಎಂದರು ಹನೂರಿನವರು. ಯಳಂದೂರಿನವರು ಅವಳ ತಾಯಿಯ ತವರು ನಮ್ಮದು ಎಂದರು. ಕೊಳ್ಳೇಗಾಲದ ನಾವು ಬಿಟ್ಟೇವೆಯೇ? ಹನೂರು ತಾಲ್ಲೂಕಾಗಿದ್ದು ಈಚೆಗೆ, ಹುಡುಗಿ ಹುಟ್ಟಿದಾಗ ಅದು ಕೊಳ್ಳೇಗಾಲ ತಾಲ್ಲೂಕೇ ಆಗಿತ್ತು, ಆದ್ದರಿಂದ ಅವಳು ಹುಟ್ಟಿದ್ದೇ ನಮ್ಮಲ್ಲಿ ಎಂದು ನಮ್ಮ ಸನ್ಮಾನ ಸಮಿತಿ ಕಾನೂನಿನ ಮಾತು ಎತ್ತಿತು. ಈ ಲೆಕ್ಕ ಹಿಡಿದು ಇನ್ನೂ ಹಿಂದೆ ಹೋದರೆ ಕೊಳ್ಳೇಗಾಲವೇ ಅವಳ ಅಜ್ಜಿ ಹುಟ್ಟಿದ ಕಾಲಕ್ಕೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅವಳ ಅಜ್ಜಿಯನ್ನು ಸನ್ಮಾನಿಸಲು ತಮಿಳುನಾಡಿನವರು ಬಸ್ಸು ಹತ್ತಿ ಬರಬೇಕಾಗುತ್ತದೆ ಎಂದು ನಾನು ಹೇಳಹೊರಟೆ, ಆದರೆ ಸಮಿತಿಯ ಕಾರ್ಯದರ್ಶಿ ನಾನೇ ಆಗಿದ್ದರಿಂದ ಬಾಯಿ ಮುಚ್ಚಿಕೊಂಡೆ. ಕಡೆಗೆ ಒಂದೇ ದಿನ ಬೆಳಗ್ಗೆ ಹನೂರು, ಮಧ್ಯಾಹ್ನ ಯಳಂದೂರು, ಸಂಜೆ ಕೊಳ್ಳೇಗಾಲ ಎಂದು ಒಪ್ಪಂದವಾಯಿತು. ಹುಡುಗಿಯನ್ನು ಯಾರೂ ಕೇಳಲಿಲ್ಲ.

ಜಾಗ ಯಾವುದು ಎಂಬ ಮಾತು ಬಂದಾಗ ಕೆಲವರು ಕಲ್ಯಾಣ ಮಂಟಪ ಎಂದರು. ಮಂಟಪದೊಳಗೆ ದೊಡ್ಡ ಫ್ಲೆಕ್ಸ್ ಕಟ್ಟಲು ಬರುವುದಿಲ್ಲ. ಆದ್ದರಿಂದ ನಾನು ಎದ್ದು, ಹಾಕಿ ಆಟಗಾರ್ತಿಗೆ ಹಾಕಿ ಆಡಿದ ಮೈದಾನದಲ್ಲೇ ಸನ್ಮಾನವಾಗಬೇಕು, ಆ ಮಣ್ಣಿನ ಋಣ ಅಂಥದ್ದು ಎಂದು ಗದ್ಗದಿತನಾಗಿ ಹೇಳಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ, ಬಾಗಿಲ ಬಳಿ ನಿಂತಿದ್ದ ಸುಶೀಲಾ ಮೇಡಂ ಒಂದು ಮಾತು ಎಂದರು. ಸನ್ಮಾನದ ಮಾರನೆಯ ಬೆಳಗ್ಗೆ ಅದೇ ಮೈದಾನದಲ್ಲಿ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರ ಆಯ್ಕೆ ಇದೆ, ಮೈಸೂರಿನಿಂದ ಆಯ್ಕೆದಾರರು ಬರುತ್ತಾರೆ. ಸತ್ತೇಗಾಲದಿಂದ ದಿನಾ ಮೊದಲ ಬಸ್ಸಿಗೆ ಬರುವ ಕೀರ್ತನಾ ಎಂಬ ಹುಡುಗಿ ಇದ್ದಾಳೆ, ಮಾದೇವಿಯ ಹಾಗೇ ಗೋಲ್‌ಕೀಪರ್. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಈ ಸಲ ಆಗದಿದ್ದರೆ ಸ್ಟಿಕ್ ಅಟ್ಟಕ್ಕೆ ಹಾಕಿಬಿಡು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಾರೆ. "ಶಾಮಿಯಾನದ ಕಂಬಕ್ಕೆ ಗುಂಡಿ ತೋಡುದ್ರೆ ಚೆಂಡು ಎತ್ಲಾಗ್ ನೆಗೀತದೆ ಅಂತ ಗೊತ್ತಾಗಲ್ಲ ಸಾ. ಆ ಕೂಸಿಗಿರೋದು ಇದೊಂದೇ ಬೆಳಗ್ಗೆ" ಎಂದರು.

ನಾವು ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡೆವು. ಒಂದು ದಿನದ ಮಾತು, ಎಲ್ಲ ಸರಿಮಾಡಿಸಿಕೊಡುತ್ತೇವೆ, ಇದೆಲ್ಲ ಹಾಕಿಯ ಬೆಳವಣಿಗೆಗಾಗಿಯೇ ತಾನೇ ಎಂದೆವು. ಹಾಕಿಯ ಬೆಳವಣಿಗೆಗೆ ಹಾಕಿ ಆಡುವವರೇ ಅಡ್ಡ ಬಂದರೆ ಹೇಗೆ ಎಂದು ಒಬ್ಬರು ಆಮೇಲೆ ಬೇಸರಪಟ್ಟುಕೊಂಡರು.

ಇನ್ನು ನನ್ನ ಕೆಲಸ. ಮಾದೇವಿಯ ಆಟದ ಫೋಟೋಗಳಲ್ಲೆಲ್ಲ ಹೆಲ್ಮೆಟ್ಟೇ. ಮುಖ ಕಾಣದ ಫ್ಲೆಕ್ಸಿಗೆ ಅರ್ಥವಿಲ್ಲ ಎಂದು ಅವಳ ಶಾಲೆಯ ಗುರುತಿನ ಚೀಟಿಯ ಮುಖ ತೆಗೆದು, ಇನ್ಯಾವುದೋ ದೇಶದ ಹುಡುಗಿಯ ಮೈಗೆ ಜೋಡಿಸಿದೆ. ಸಮಿತಿಯವರು ಗೋಲು ಹೊಡೆಯುವ ಹಾಗಿರಲಿ ಎಂದರು, ಹೊಡೆಸಿದೆ. ಲೀಗಿನಲ್ಲಿ ಹೊಡೆಯದ ಗೋಲನ್ನು ಮಾದೇವಿ ನನ್ನ ಕಂಪ್ಯೂಟರಿನಲ್ಲಿ ಹೊಡೆದಳು. ಸುತ್ತ ಗಣ್ಯರು, ಗಣ್ಯರ ಬಲಗೈ ಬಂಟರು, ಅವರ ಮಕ್ಕಳು. ಎಲ್ಲರಿಗೂ ಜಾಗ ಮಾಡುತ್ತಾ ಮಾಡುತ್ತಾ ಹುಡುಗಿ ಕುಗ್ಗಿದಳು. ಬಲಗಡೆಯ ಕೆಳಮೂಲೆಯಲ್ಲಿ ಎಂದಿನಂತೆ ನಾನು ಕೂತೆ.

ಸನ್ಮಾನ ಭರ್ಜರಿಯಾಗಿ ನಡೆಯಿತು. ವೇದಿಕೆಗೆ ಅಡ್ಡವಾಗುತ್ತದೆಂದು ಗೋಲುಕಂಬಗಳನ್ನು ಕಿತ್ತು ಪಕ್ಕಕ್ಕೆ ಮಲಗಿಸಿದ್ದರು. ಗೋಲಿನ ಬಲೆಯನ್ನು ಹೂವಿನ ಅಲಂಕಾರದವರು ಕತ್ತರಿಸಿ, ಚೆಂಡುಹೂ ಸಿಕ್ಕಿಸಿ, ವೇದಿಕೆಯ ಅಂಚಿಗೆ ಕಟ್ಟಿದ್ದರು. ನೋಡಲು ಬಹಳ ಚೆನ್ನಾಗಿತ್ತು. ಮಾದೇವಿ ಬಂದಾಗ ಹನೂರಿನ ಶಾಲಿನ ಮೇಲೆ ಯಳಂದೂರಿನ ಶಾಲು, ತಲೆಯ ಮೇಲೆ ಮೈಸೂರು ಪೇಟ. ಹೆಲ್ಮೆಟ್ಟಿನಲ್ಲಾದರೂ ಕಣ್ಣು ಕಾಣುತ್ತಿತ್ತು. ಭಾಷಣಗಳಾದವು. ಹಾಕಿಯ ಬಗ್ಗೆ ಎಲ್ಲರೂ ಮಾತಾಡಿದರು, ಕ್ರಿಕೆಟ್ಟಿನ ಉದಾಹರಣೆ ಕೊಟ್ಟು. ಕೊನೆಗೆ ಸಮಯದ ಅಭಾವವಿದ್ದುದರಿಂದ ಸನ್ಮಾನಿತರು ಎರಡೇ ಮಾತು ಆಡಬೇಕೆಂದು ಕೋರಿದೆವು.

ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಂಗೆ ಮಾತಾಡಕ್ ಬರಕಿಲ್ಲ. ಎಲ್ರೂ ಪ್ರೀತಿ ತೋರ್ಸಿದ್ರಿ, ಸಂತೋಸ. ಶಾಮಿಯಾನ ಒಸಿ ಬೇಗ ಬಿಚ್ಚಿಸ್ಬುಡಿ ಸಾ. ಬೆಳಗ್ಗೆ ನಮ್ ಕೂಸ್ಗಳ ಸೆಲೆಕ್ಷನ್ ಅದೆ, ಗುಂಡಿ ಮುಚ್ಬೇಕು" ಎಂದಳು.

ಜೋರು ಚಪ್ಪಾಳೆ. ಅಧ್ಯಕ್ಷರು ಮೈಕ್ ವಾಪಸು ತೆಗೆದುಕೊಂಡು, ಇಷ್ಟು ಎತ್ತರಕ್ಕೆ ಏರಿದರೂ ಈಕೆಯ ಸರಳತೆ ನೋಡಿ ಎಂದು, ಸರಳತೆಯ ಬಗ್ಗೆ ಸವಿಸ್ತಾರವಾಗಿ ಮಾತಾಡಿದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಊಟಕ್ಕೆ ಎದ್ದ ಜನ ಮೈದಾನಕ್ಕೆ ವಾಪಸು ಬರಲಿಲ್ಲ. ಗುಂಡಿ ಮುಚ್ಚುವ ಹೊಣೆ ಸಮಿತಿಯವರದು ಎಂದು ಶಾಮಿಯಾನದವರು, ಶಾಮಿಯಾನದವರದು ಎಂದು ನಾವು ತಿಳಿದುಕೊಂಡಿದ್ದೆವು. ನಾನು ಸ್ಕೂಟರ್ ಹತ್ತುವಾಗ ತಿರುಗಿ ನೋಡಿದೆ. ಸುಶೀಲಾ ಮೇಡಂ ಮತ್ತು ಒಂದಷ್ಟು ಹುಡುಗಿಯರು ಬಾಂಡಲಿಯಲ್ಲಿ ಮಣ್ಣು ಹೊರುತ್ತಿದ್ದರು. ಪೇಟ ತೆಗೆದಿಟ್ಟು ಮಾದೇವಿ ಗುಂಡಿಯನ್ನು ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಆದರೆ ಹೊಸ ಪಂಚೆ ಉಟ್ಟಿದ್ದೆ, ಹಾಗಾಗಿ ನಾಚಿಕೆಪಡುತ್ತಲೇ ಮನೆಗೆ ಹೋದೆ.

ನಮ್ಮಲ್ಲಿ ಫ್ಲೆಕ್ಸಿಗೆ ಪುನರ್ಜನ್ಮ ಉಂಟು. ಕಾರ್ಯಕ್ರಮ ಮುಗಿದ ಮಾರನೆಯ ದಿನ ಅದು ಯಾರದೋ ಕೊಟ್ಟಿಗೆಗೆ ಸೂರಾಗಿಯೋ ರೇಷ್ಮೆಹುಳುವಿನ ಮನೆಗೆ ಮರೆಯಾಗಿಯೋ ಹುಟ್ಟುತ್ತದೆ. ಸತ್ತೇಗಾಲದ ಎಷ್ಟೋ ಹಸುಗಳು ನನ್ನ ಮುಖದಡಿಯಲ್ಲಿ ಮಲಗುತ್ತವೆ. ಫ್ಲೆಕ್ಸ್ ಹೋದರೆ ಹೋಗಲಿ, ಚೌಕಟ್ಟಿನ ಮರವಾದರೂ ಉಳಿಸಿಕೊಳ್ಳೋಣ ಎಂದು ಬೆಳಗ್ಗೆ ಮೈದಾನಕ್ಕೆ ಹೋದೆ.

ಗೋಲುಕಂಬಗಳು ಎದ್ದು ನಿಂತಿದ್ದವು. ಬಲೆ ಇರಬೇಕಾದ ಜಾಗದಲ್ಲಿ, ತೆಂಗಿನ ಹಗ್ಗದಿಂದ ಬಿಗಿದು, ನನ್ನ ಫ್ಲೆಕ್ಸ್ ಕಟ್ಟಿದ್ದರು. ಊರಿನ ಗಣ್ಯರೆಲ್ಲ ಕೈಮುಗಿದುಕೊಂಡು ಚೆಂಡಿಗಾಗಿ ಕಾಯುತ್ತಿದ್ದರು. ಬಲೆ ಇಲ್ಲದಿದ್ದರೆ ಹೊಡೆದ ಚೆಂಡು ಮೋರಿಗೆ ಹೋಗುತ್ತದೆ, ಏನು ಮಾಡುವುದು ಎಂದರು ಸುಶೀಲಾ ಮೇಡಂ. ಹಾಗಾದರೆ ಹಿಂಬದಿ ಈ ಕಡೆಗೆ ಬರುವಂತೆ ಕಟ್ಟಬಹುದಿತ್ತಲ್ಲ ಎಂದೆ. ಚಿತ್ರವಿದ್ದರೆ ಹುಡುಗಿಯರಿಗೆ ಗುರಿ ಇಡಲು ಸಲೀಸು ಎಂದು ಅವರು ಸಮಾಧಾನವಾಗಿ ಹೇಳಿದರು.

ಫ್ಲೆಕ್ಸಿನ ಮುಂದೆ ಕೀರ್ತನಾ ನಿಂತಿದ್ದಳು. ಮಾದೇವಿ ತಂದುಕೊಟ್ಟ ಪ್ಯಾಡು ಅವಳಿಗೆ ಸೊಂಟದವರೆಗೂ ಬರುತ್ತಿತ್ತು. ಮೈಸೂರಿನಿಂದ ಬಂದ ಆಯ್ಕೆದಾರರು ಕೈಕಟ್ಟಿಕೊಂಡು ನಿಂತರು. ಉಳಿದ ಹುಡುಗಿಯರು ಒಬ್ಬೊಬ್ಬರೇ ಓಡಿಬಂದು ಹೊಡೆಯಲು ಶುರುಮಾಡಿದರು. ಮೊದಲ ಚೆಂಡು ಡಬ್ ಎಂದು ಬಡಿದದ್ದು ನನ್ನ ಮುಖಕ್ಕೆ. ಏನೋ ಆಕಸ್ಮಿಕ ಎಂದುಕೊಂಡೆ. ಎರಡನೆಯದೂ ಅಲ್ಲಿಗೇ. ಮೇಲೆ ಅಷ್ಟು ದೊಡ್ಡ ದೊಡ್ಡ ಮುಖಗಳು ಆರಾಮವಾಗಿ ನಗುತ್ತಿರುವಾಗ, ಅಂಗೈಯಗಲದ ನನ್ನ ಮೇಲೆ ಈ ಹೆಣ್ಣುಮಕ್ಕಳಿಗೆ ಏನು ಸೇಡು? ಪಕ್ಕದಲ್ಲಿದ್ದ ಮಾದೇವಿಯನ್ನು ಕೇಳಿದೆ. ಅವಳು ನಗಲಿಲ್ಲ, ಕಣ್ಣು ಕೀರ್ತನಾಳ ಮೇಲೇ ಇತ್ತು.

"ಗೋಲ್‌ಕೀಪರ್ ಬಲಗೈಲಿ ಸ್ಟಿಕ್ ಇರ್ತದೆ ಸಾ. ನಿಮ್ಗೆ ಬಲಕ್ಕೆ ಕಾಣೋದು ಅವ್ಳಿಗೆ ಎಡ. ಎಡಗಡೆ ನೆಲಕ್ಕೆ ಅಂಟ್ಕಂಡ್ ಬರೋದ್ನ ಕಾಲಲ್ಲೇ ತಡೀಬೇಕು. ನೀವ್ ಕುಂತಿರೋ ಮೂಲೆನೇ ಕಷ್ಟದ್ದು" ಎಂದಳು.

ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿರಲಿ ಎಂದು ಆರಿಸಿಕೊಂಡ ಮೂಲೆ. ನಿಂತು ನೋಡಿದೆ. ಮುಚ್ಚಿದ ಗುಂಡಿಯ ಹಸಿ ಮಣ್ಣಿನ ಮೇಲೆ ಬಂದ ಒಂದು ಚೆಂಡು ನೆಗೆದು ಕೀರ್ತನಾಳ ಭುಜಕ್ಕೆ ಬಡಿಯಿತು. ಆ ಗುಂಡಿ ನನ್ನ ಫ್ಲೆಕ್ಸಿನ ಕಂಬಕ್ಕೆಂದೇ ತೋಡಿಸಿದ್ದು. ಹುಡುಗಿ ಭುಜ ಉಜ್ಜಿಕೊಂಡು ಮತ್ತೆ ಬಗ್ಗಿ ನಿಂತಳು. ಮುಂದಿನದು ನನ್ನ ಮೂಲೆಗೆ. ಎಡಗಾಲು ಚಾಚಿದಳು, ತುದಿಗೆ ತಾಗಿ ಹೊರಗೆ ಹೋಯಿತು. ಬದುಕಿದೆ ಎಂದುಕೊಂಡೆ. ಆಮೇಲೆ ಒಂದು ತಪ್ಪಿತು, ಮತ್ತೊಂದನ್ನು ತಡೆದಳು. ಯಾವಾಗಲೋ ನಾನು ನನ್ನ ಮುಖವನ್ನು ಮರೆತಿದ್ದೆ. ಈ ಮಗು ಸತ್ತೇಗಾಲದ ಬಸ್ಸಿಗೆ ಅಳುತ್ತಾ ಹತ್ತಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೊನೆಯ ಹೊಡೆತಕ್ಕೆ ತಂಡದ ಗಟ್ಟಿಗಿತ್ತಿ ಓಡಿಬಂದಾಗ ನಾನು ವಯಸ್ಸು, ಕಾರ್ಯದರ್ಶಿ ಸ್ಥಾನ ಎರಡನ್ನೂ ಬಿಟ್ಟು, "ಎಡಕ್ಕೆ ಕಣವ್ವಾ, ಎಡಕ್ಕೆ" ಎಂದು ಕೂಗಿದೆ. ಕೀರ್ತನಾ ನನ್ನ ಮಾತು ಕೇಳಲಿಲ್ಲ, ಚೆಂಡನ್ನು ನೋಡಿದಳು. ಅದು ಬಲಕ್ಕೆ ಬಂತು. ಸ್ಟಿಕ್ ಹಾಕಿ ತಡೆದಳು.

ಕೀರ್ತನಾ ಆಯ್ಕೆಯಾದಳು. ಚೌಕಟ್ಟಿನ ಮರವನ್ನು ನಾನು ತರಲಿಲ್ಲ. ಬದಲಿಗೆ ಸಮಿತಿಯ ಬೆನ್ನು ಹತ್ತಿ ಒಂದು ಹೊಸ ಬಲೆ ಕೊಡಿಸಿದೆ. ಅದನ್ನು ಕೊಡಲು ಒಂದು ಕಾರ್ಯಕ್ರಮ ಆಗಬೇಕೆಂದು ಅವರು ಹಟ ಹಿಡಿದರು, ಕಲ್ಯಾಣ ಮಂಟಪದೊಳಗೆ ಮಾಡಿಸಿದೆ. ಹಳೆಯ ಫ್ಲೆಕ್ಸನ್ನು ಸುಶೀಲಾ ಮೇಡಂ ಅಭ್ಯಾಸಕ್ಕೆಂದು ಬೇರೆ ಕಡೆ ಕಟ್ಟಿಕೊಂಡಿದ್ದಾರೆ. ಗಣ್ಯರೆಲ್ಲ ಹೊಚ್ಚ ಹೊಸದಾಗಿ ಹಾಗೇ ಇದ್ದಾರೆ, ನನ್ನ ಮೂಲೆ ಮಾತ್ರ ಚಿಂದಿ.

ಈಗ ಲೀಗ್ ಮತ್ತೆ ಶುರುವಾಗಿದೆ. ಟೀ ಹೋಟೆಲಿನಲ್ಲಿ ರಿಮೋಟ್ ನನ್ನ ಕೈಯಲ್ಲೇ ಇರುತ್ತದೆ. ಯಾವ ತಂಡ, ಎಷ್ಟು ಗೋಲು ಎಂದು ಪಕ್ಕದವರು ಕೇಳಿದರೆ ನನಗೆ ತಿಳಿದಿರುವುದಿಲ್ಲ. ನಾನು ಗೋಲಿನ ಬಲಗಡೆಯ ಕೆಳಮೂಲೆಯನ್ನೇ ನೋಡುತ್ತಿರುತ್ತೇನೆ. ಮುಖಕ್ಕೆ ಬೋನು ಹಾಕಿಕೊಂಡ ಹುಡುಗಿಯೊಬ್ಬಳು ಅಲ್ಲಿಗೆ ಕಾಲು ಚಾಚಿದಾಗೆಲ್ಲ ನಾನು ಕೂತಲ್ಲೇ ಕೆನ್ನೆ ಸವರಿಕೊಳ್ಳುತ್ತೇನೆ.