ಉಣ್ಣದ ಬುತ್ತಿಯ ರುಚಿ

ಮನೆ ಅಡುಗೆಯ ಬಗ್ಗೆ ಭಾಷಣ ಬಿಗಿಯುವುದರಲ್ಲಿ ಚಿಕ್ಕೋಡಿಯಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಮದುವೆಯ ಪಂಕ್ತಿಯಲ್ಲಿ ಕೂತರೂ ಸರಿ, ನಿಪ್ಪಾಣಿ ಬಸ್ಸಿನಲ್ಲಿ ಜೋತುಬಿದ್ದು ನಿಂತರೂ ಸರಿ, ಮೈದಾ ಹಿಟ್ಟು ಕರುಳಿಗೆ ಹೇಗೆ ಅಂಟುತ್ತದೆ, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಿದರೆ ಏನಾಗುತ್ತದೆ ಎಂದು ಶುರು ಮಾಡಿದೆನೆಂದರೆ ಎದುರಿನವರು ತಮ್ಮ ಊರು ಬಂತೆಂದು ಸುಳ್ಳು ಹೇಳಿ ಇಳಿದುಹೋಗಬೇಕು. ಬೆಳಗಾದರೆ ಎಲ್ಲರ ಫೋನಿಗೂ ಜೋಳದ ರೊಟ್ಟಿಯ ಮಹಿಮೆ ಕಳಿಸುತ್ತಿದ್ದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆಯನ್ನು ನನ್ನಂಥವನನ್ನು ನೋಡಿಯೇ ಯಾರೋ ಕಟ್ಟಿರಬೇಕು.

ನನ್ನ ಕಚೇರಿ ಇರುವುದು ನಿಪ್ಪಾಣಿಯಲ್ಲಿ. ಮನೆ ಚಿಕ್ಕೋಡಿ. ನಾನು ಮೊದಲ ಬಸ್ಸು ಹಿಡಿಯುವ ಮೊದಲೇ ಹೆಂಡತಿ ಎದ್ದು ರೊಟ್ಟಿ ಬಡಿದು, ಪಲ್ಯ, ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಒಂದು ಹಸಿ ಉಳ್ಳಾಗಡ್ಡಿ ಎಲ್ಲ ಸೇರಿಸಿ ಬುತ್ತಿ ಕಟ್ಟಿಕೊಡುತ್ತಿದ್ದಳು. ಆ ಬುತ್ತಿಯನ್ನು ಹೊತ್ತು ಹೋಗುತ್ತಿದ್ದೆನೇ ಹೊರತು ಉಣ್ಣುತ್ತಿರಲಿಲ್ಲ. ಕಚೇರಿಯ ಹಿಂದೆ ಒಂದು ಮಿಸಳ ಅಂಗಡಿ ಇದೆ. ಮಧ್ಯಾಹ್ನ ಅಲ್ಲಿ ಒಗ್ಗರಣೆ ಬಿತ್ತೆಂದರೆ ನನ್ನ ಮೇಜಿನ ತನಕ ಘಾಟು ಬರುತ್ತದೆ. ಮೇಲೆ ಕೆಂಪು ಎಣ್ಣೆ ತೇಲುವ ಕಾಳಿನ ರಸ, ಅದರ ಮೇಲೆ ಖಾರಾ ಸೇವಿನ ಫರಸಾಣ, ಹೆಚ್ಚಿದ ಉಳ್ಳಾಗಡ್ಡಿ, ಪಕ್ಕದಲ್ಲಿ ಎರಡು ಪಾವು ಬ್ರೆಡ್ಡು. ಮೊದಲು ವಾರಕ್ಕೊಮ್ಮೆ ಹೋದೆ. ಆಮೇಲೆ ದಿನಾ ಹೋದೆ. ಸಮಯವಿರಲಿಲ್ಲ, ಅನಿವಾರ್ಯವಾಗಿತ್ತು ಎಂದೆಲ್ಲ ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ. ಬಾಯಿ ಚಪಲ, ಅಷ್ಟೇ.

ಬುತ್ತಿಗೊಬ್ಬ ಗಿರಾಕಿ ಸಿಕ್ಕಿದ್ದ. ದೂರದ ಊರಿನಿಂದ ವರ್ಗವಾಗಿ ಬಂದು ಒಬ್ಬನೇ ಕೋಣೆ ಮಾಡಿಕೊಂಡಿದ್ದ ಸಹೋದ್ಯೋಗಿ. ಡಬ್ಬಿ ಅವನ ಮೇಜಿಗೆ ಹೋಗಿ ತೊಳೆಸಿಕೊಂಡು ವಾಪಸ್ಸು ಬರುತ್ತಿತ್ತು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಹೀಗಾಗಿ ಪಲ್ಯ ಹೇಗಿದ್ದರೂ ಒಂದು ಮಾತು ಆಡಿದವನಲ್ಲ. ಸಂಜೆ ಚಿಕ್ಕೋಡಿಯಲ್ಲಿ ಬಸ್ಸಿಳಿದ ಮೇಲೆ ಗೋಬಿ ಮಂಚೂರಿಯ ಗಾಡಿ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಮನೆಗೆ ಬಂದು ಎರಡು ತುತ್ತು ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದೆ. "ಯಾಕ್ರಿ, ಇಷ್ಟ?" ಎಂದು ಹೆಂಡತಿ ಕೇಳಿದರೆ, "ನಿನ್ನ ಬುತ್ತಿನ ಇನ್ನೂ ಹೊಟ್ಟ್ಯಾಗ ಕುಂತೈತಿ" ಎನ್ನುತ್ತಿದ್ದೆ. ಅವಳಿಗೆ ಅದೇ ಸಂತೋಷ.

ಹೀಗೆ ನಡೆದಿದ್ದಾಗ ಅವಳಿಗೆ ಜ್ವರ ಬಂತು. ನೆಗಡಿ, ಕೆಮ್ಮು, ಮೈಕೈ ನೋವು ಎಲ್ಲ ಬಂದವು, ಹೋದವು. ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಒಯ್ದವು. ಡಾಕ್ಟರು, ಬರುತ್ತದೆ, ತಡೆಯಿರಿ ಎಂದರು. ತಿಂಗಳುಗಳು ಕಳೆದರೂ ಬರಲಿಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಎಣ್ಣೆಗಾಯಿ ಮಾಡಲು ಇವಳನ್ನೇ ಕರೆಯುತ್ತಿದ್ದರು. ಅಂಥವಳು ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ಇನ್ನೊಂದು ದಿನ ಹಾಕುವುದನ್ನೇ ಬಿಡುತ್ತಿದ್ದಳು.

"ನಾಲಿಗಿಗೆ ಏನೂ ಹತ್ತವಲ್ದುರಿ. ಮಣ್ಣ ತಿಂದಂಗ ಆಗತೈತಿ," ಎಂದು ನನ್ನೆದುರು ಕೂತು ಅತ್ತಳು. "ಯಾರ ಮುಂದೂ ಹೇಳಬ್ಯಾಡ್ರಿ. ಮಗಳಿಗೂ ಹೇಳಬ್ಯಾಡ್ರಿ. ನೀವು ಉಂಡು ಹ್ಯಾಂಗೈತಿ ಅಂತ ಹೇಳ್ರಿ ಸಾಕು. ನಿಮ್ಮ ನಾಲಿಗಿ ಮ್ಯಾಲ ನಾ ಅಡಗಿ ಮಾಡ್ತೀನಿ."

ಕೆಲವು ದಿನ ನಿಯತ್ತಾಗಿ ಬುತ್ತಿ ಬಿಚ್ಚಿ ಉಂಡೆ, ಸಂಜೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ಆದರೆ ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೆ ಎಷ್ಟು ದಿನ ನೆಟ್ಟಗಿದ್ದೀತು? ಮಿಸಳದ ಘಾಟು ಬಂತು, ಡಬ್ಬಿ ಮತ್ತೆ ಪಕ್ಕದ ಮೇಜಿಗೆ ಹೋಯಿತು. "ಉಪ್ಪು ಹ್ಯಾಂಗಾಗಿತ್ರಿ?" ಎಂದು ಅವಳು ಬಾಗಿಲಲ್ಲೇ ಕೇಳುವಾಗ "ಬರೋಬ್ಬರಿ ಆಗಿತ್ತು" ಎನ್ನಲು ನನಗೇನೂ ಕಷ್ಟವಾಗಲಿಲ್ಲ. ಕಷ್ಟವಾಗಲಿಲ್ಲವಲ್ಲ ಎಂಬುದೇ ಈಗ ನನ್ನನ್ನು ತಿನ್ನುತ್ತಿದೆ.

ಅಷ್ಟರಲ್ಲಿ ಬೀಗರು ಬರುವುದು ಗೊತ್ತಾಯಿತು. ಮಗಳನ್ನು ಅಥಣಿ ಕಡೆಯ ಸತ್ತಿ ಎಂಬ ಊರಿಗೆ ಕೊಟ್ಟಿದ್ದೇವೆ. ಕಬ್ಬು, ದ್ರಾಕ್ಷಿ ಇರುವ ಮನೆ. ಮದುವೆಯಾದ ಮೇಲೆ ಅವರು ನಮ್ಮಲ್ಲಿ ಕೂತು ಉಂಡಿರಲಿಲ್ಲ. ಅಮಾವಾಸ್ಯೆಯ ದಿನ ಯಡೂರಿಗೆ ಬಂದು ವೀರಭದ್ರನ ದರ್ಶನ ಮಾಡಿಕೊಂಡು ಊಟಕ್ಕೆ ನಮ್ಮ ಮನೆಗೆ ಬರುತ್ತೇವೆಂದರು. ಹೆಂಡತಿ ಖುಷಿಯಿಂದ ಹಿಗ್ಗಿದಳು, ಮರುಕ್ಷಣವೇ ಕುಗ್ಗಿದಳು. ಅಮಾವಾಸ್ಯೆಯ ಅಡುಗೆಯೆಂದರೆ ಮೊದಲು ದೇವರಿಗೆ ನೈವೇದ್ಯ. ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಉಳಿದವರಾದರೆ ವಾಸನೆ ಹಿಡಿದೇ ಉಪ್ಪು ಹೇಳುತ್ತಾರೆ. ಇವಳಿಗೆ ಅದೂ ಇಲ್ಲ.

ಅದಕ್ಕೂ ಅವಳೇ ಒಂದು ದಾರಿ ಹುಡುಕಿದಳು. ಬೀಗರು ಬರುವ ವಾರವೆಲ್ಲ ದಿನಾ ಬದನೆಕಾಯಿ ಎಣ್ಣೆಗಾಯಿಯನ್ನೇ ಮಾಡಿ, ಚಮಚದಲ್ಲಿ ಅಳೆದು ಉಪ್ಪು ಹಾಕಿ, ನನ್ನ ಬುತ್ತಿಗೆ ಕಟ್ಟುವುದು. ನಾನು ಉಂಡು ಬಂದು ಹೇಳುವುದು. ಅಳತೆ ಸರಿಹೋದ ಮೇಲೆ ಅಮಾವಾಸ್ಯೆಗೆ ಕಣ್ಣು ಮುಚ್ಚಿ ಅಷ್ಟೇ ಹಾಕುವುದು. "ನಮ್ಮ ಮಗಳ ಮಾನ ಐತ್ರಿ ಇದ್ರಾಗ. ಅವ್ವನ ಅಡಗಿನ ಹಿಂಗಾದ್ರ ಮಗಳೇನ ಕಲ್ತಿರ್ತಾಳ ಅಂತಾರ," ಎಂದಳು.

ಇಷ್ಟು ಬಿಡಿಸಿ ಹೇಳಿದ ಮೇಲೂ ಆ ವಾರ ನಾನು ಮಿಸಳವನ್ನೇ ತಿಂದೆ. ಮೊದಲ ದಿನ ಅವಳು ಕೇಳಿದಾಗ, ಬರೀ ಚಲೋ ಇತ್ತು ಎಂದರೆ ಸಂಶಯ ಬಂದೀತೆಂದು ಬುದ್ಧಿ ಓಡಿಸಿದೆ. ಉಂಡವನ ಹಾಗೆ ಗಲ್ಲ ಕೆರೆದುಕೊಂಡು, "ಒಂದೀಟ ಸಪ್ಪಗಿತ್ತ ನೋಡು" ಎಂದೆ. ಅವಳು ಮರುದಿನ ಹೆಚ್ಚಿಸಿದಳು. ಮರುದಿನ, "ಈಗ ಹಾದಿಗೆ ಬಂತು, ಆದ್ರೂ ಇನ್ನೊಂದ ಚೂರ ಬೀಳಬೇಕು" ಎಂದೆ. ಅವಳು ಮತ್ತೆ ಹೆಚ್ಚಿಸಿದಳು. ಕೊನೆಗೊಂದು ದಿನ ತೀರ್ಪು ಕೊಡುವ ನ್ಯಾಯಾಧೀಶನಂತೆ, "ಈಗ ನೋಡು, ಹೇಳಿ ಮಾಡಿಸಿದಂಗ ಆತು" ಎಂದೆ. ಅವಳ ಮುಖ ಅರಳಿತು. ಆ ಬುತ್ತಿಯನ್ನು ಉಂಡಿದ್ದ ಪುಣ್ಯಾತ್ಮ ಅಂದು ಮಧ್ಯಾಹ್ನವೆಲ್ಲ ನೀರಿನ ಬಾಟಲಿ ಕೆಳಗಿಟ್ಟಿರಲಿಲ್ಲ. ನಾನು ಬಿಸಿಲು ಜಾಸ್ತಿ ಎಂದುಕೊಂಡಿದ್ದೆ.

ಅಮಾವಾಸ್ಯೆ ಬಂತು. ಬೀಗ, ಬೀಗಿತ್ತಿ, ಮಗಳು ಯಡೂರಿನಿಂದ ವಿಭೂತಿ ಹಚ್ಚಿಕೊಂಡೇ ಬಂದರು. ದೇವರ ಮುಂದೆ ನೈವೇದ್ಯವಾಯಿತು. ಹೋಳಿಗೆ, ಕಟ್ಟಿನ ಸಾರು, ರೊಟ್ಟಿ, ಮಿರಿಮಿರಿ ಮಿಂಚುವ ಎಣ್ಣೆಗಾಯಿ. ಮಗಳು ಬಡಿಸಿದಳು. ಬೀಗರ ಪಕ್ಕದಲ್ಲಿ ಕೂತು ನಾನು ರೊಟ್ಟಿ ಮುರಿದು ಬದನೆಕಾಯಿ ಅದ್ದಿ ಬಾಯಿಗಿಟ್ಟೆ. ಬರೀ ಉಪ್ಪು. ನುಂಗಲಾರೆ, ಉಗುಳಲಾರೆ.

ಬೀಗಿತ್ತಿ ದೊಡ್ಡ ಮನೆತನದ ಹೆಣ್ಣು. ಮುಖ ಕಿವಿಚದೆ, "ಮಸ್ತ ಆಗೇತ್ರಿ. ಒಂದ ಸ್ವಲ್ಪ ಮೊಸರ ಹಾಕ್ರಿ ಇದಕ್ಕ" ಎಂದರು. ಎಣ್ಣೆಗಾಯಿಗೆ ಮೊಸರು ಕೇಳಿದರೆ ಅದರ ಅರ್ಥವೇನೆಂದು ಅಡುಗೆ ಬಲ್ಲವಳಿಗೆ ಹೇಳಬೇಕೇ? ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತಲ್ಲೇ ನಿಂತಳು. ಬೀಗರು ಮಾತ್ರ ಹೊಲದ ಮನುಷ್ಯ, ಮನಸ್ಸಿನಲ್ಲಿಟ್ಟುಕೊಳ್ಳುವವರಲ್ಲ. ಎರಡನೆಯ ತಂಬಿಗೆ ನೀರು ಮುಗಿಸಿ ಜೋರಾಗಿ ನಕ್ಕು, "ನಮ್ಮ ಸತ್ತಿಗೆ ಕೃಷ್ಣಾ ಹೊಳಿ ಐತಿ ಖರೆ. ನಿಮ್ಮ ಚಿಕ್ಕೋಡಿಗೆ ಸಮುದ್ರನ ಬಂದೈತಲ್ರೀ!" ಎಂದರು. ಎಲ್ಲರೂ ನಕ್ಕರು. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ಉಪ್ಪು ತಿಂದವ ನೀರು ಕುಡಿಯಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಂದು ನನ್ನ ತಪ್ಪಿಗೆ ಬೀಗರು ನೀರು ಕುಡಿದರು.

ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ. "ಇವತ್ತ ಅಕಿ ಕೈ ತಪ್ಪೇತ್ರಿ. ದಿನಾ ಹಿಂಗಿರೂದಿಲ್ಲ" ಎಂದೆ, ಎಲ್ಲರಿಗೂ ಕೇಳುವಂತೆ.

ಅವರು ಹೋದ ಮೇಲೆ ಅವಳು ಉಳಿದ ಎಣ್ಣೆಗಾಯಿಯ ಪಾತ್ರೆಯೆದುರು ಕೂತಳು. ಸಿಟ್ಟಿರಲಿಲ್ಲ. "ಅದ ಚಮಚ, ಅದ ಅಳತಿ. ಆದ್ರೂ ತಪ್ಪೇತಿ ಅಂದ್ರ ನನ್ನ ಕೈಯೂ ಹೋತ್ರಿ," ಎಂದಳು. "ಮೊದಲ ನಾಲಿಗಿ ಹೋತು, ಈಗ ಕೈ. ನಾಳಿಂದ ಬುತ್ತಿ ಕಟ್ಟೂದಿಲ್ಲ. ನೀವು ಅಲ್ಲೇ ಏನರೆ ತಿನ್ರಿ. ಸಂಜಿಗೆ ಬರೂ ಮುಂದ ನನಗೊಂದು ಪಾರ್ಸಲ್ ತರ್ರಿ. ಹ್ಯಾಂಗೂ ನನಗ ಎಲ್ಲಾ ಒಂದ."

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮಿಸಳ, ಗೋಬಿ, ಪಕ್ಕದ ಮೇಜು, ಸಪ್ಪಗಿದೆ ಎಂದು ಹುಟ್ಟಿಸಿದ ಮಾತು, ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾಯ್ದೆ. ಅವಳು ಕೇಳಿದ್ದು ಒಂದೇ.

"ಅಷ್ಟೂ ಉಪ್ಪು ಆ ಪಕ್ಕದ ಮೇಜಿನವರು ತಿಂದ್ರೇನ್ರಿ? ಪಾಪ, ಏನ ಅನಕೊಂಡಿದ್ದಾರು."

ಮರುದಿನ ಬುತ್ತಿ ಎಂದಿನಂತೆ ಕಟ್ಟಿಟ್ಟಿದ್ದಳು. ಕಚೇರಿಯಲ್ಲಿ ಅದನ್ನು ಕೊನೆಯ ತುಣುಕಿನ ತನಕ ಉಂಡೆ. ಗೋಬಿ ಗಾಡಿಯ ಕಡೆ ನೋಡದೆ ಮನೆಗೆ ಬಂದೆ. ಅವಳು ಒಲೆಯ ಮೇಲೆ ಹೆಸರುಕಾಳಿನ ಪಲ್ಯ ಇಟ್ಟಿದ್ದಳು. ಕೇಳದಿದ್ದರೂ ನಾನೇ ಒಳಗೆ ಹೋಗಿ ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದೆ. ಈ ಸಲ ಖರೇನೇ ರುಚಿ ನೋಡಿ, "ಒಂದ ಚಿಟಿಕಿ ಕಡಿಮಿ ಐತಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಉಪ್ಪಿನ ಡಬ್ಬಿಗೆ ಕೈ ಹಾಕಲಿಲ್ಲ. ಸಣ್ಣ ಬಟ್ಟಲಿಗೆ ಪಲ್ಯ ಹಾಕಿಕೊಂಡು ಹಿತ್ತಲಿಗೆ ಹೋಗಿ ಗೋಡೆಯಾಚೆಗಿನ ನೆರೆಮನೆಯಾಕೆಯನ್ನು ಕೂಗಿದಳು. ಮಗಳಿಗೂ ಹೇಳಬೇಡಿ ಎಂದಿದ್ದ ಮಾತನ್ನು ಓಣಿಗೆಲ್ಲ ಕೇಳುವಂತೆ ತಾನೇ ಹೇಳಿದಳು. "ಅಕ್ಕಾ, ಜ್ವರ ಬಂದಾಗಿಂದ ನನ್ನ ನಾಲಿಗಿಗೆ ರುಚಿ ಹತ್ತವಲ್ದು. ಇದಕ್ಕ ಉಪ್ಪು ಸಾಕೋ ಬೇಕೋ, ನೋಡಿ ಹೇಳ್ರಿ."

ಆಕೆ ತಿಂದು ನೋಡಿ, "ಒಂದ ಚಿಟಿಕಿ ಕಡಿಮಿ ಐತಿ ನೋಡ್ವಾ" ಎಂದಳು. ಹೆಂಡತಿ ಒಳಗೆ ಬಂದು, ಒಲೆಯ ಪಕ್ಕ ನಿಂತಿದ್ದ ನನ್ನನ್ನು ದಾಟಿಕೊಂಡು ಹೋಗಿ, ಒಂದು ಚಿಟಿಕೆ ಉಪ್ಪು ಹಾಕಿದಳು.