ಹಾಲುಕ್ಕುವ ಹೊತ್ತಿನ ಪ್ರಾರ್ಥನೆ

ಹಾಲು ಯಾವಾಗ ಉಕ್ಕುತ್ತದೆ ಎಂಬ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿತ್ತು. ಎದುರು ನಿಂತು ದಿಟ್ಟಿಸುವಷ್ಟು ಹೊತ್ತೂ ಅದು ಸಂನ್ಯಾಸಿಯಂತೆ ನಿಶ್ಚಲವಾಗಿರುತ್ತದೆ. ಮನೆಯ ಯಜಮಾನ ಕಣ್ಣು ಮುಚ್ಚಿ ‘ಕರುಣಾಳುವಾದ ತಂದೆಯೇ’ ಎಂದ ಕೂಡಲೇ ಎದ್ದು ನಿಲ್ಲುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ತರೀಕೆರೆ ಸ್ಟೇಷನ್ನಿನ ಹಿಂದೆ ಬಾಡಿಗೆಗಿದ್ದೆವು. ನನ್ನ ಕೆಲಸ ಬೀರೂರಿನಲ್ಲಿ. ಬೆಳಗಿನ ರೈಲಿಗೆ ಮುನ್ನ ಕುಟುಂಬ ಪ್ರಾರ್ಥನೆ ಆಗಲೇಬೇಕೆಂಬುದು ನಮ್ಮ ತಂದೆಯ ಕಾಲದ ಕಟ್ಟಳೆ. ಅಡುಗೆಗೂ ಆರಾಧನೆಗೂ ಇದ್ದದ್ದು ಒಂದೇ ಕೋಣೆ. ನಾನು ಚಾಪೆಯ ಮೇಲೆ ಮೊಣಕಾಲೂರಿ, ಅಜ್ಜಂಪುರದ ರೋಗಿಗಳಿಂದ ಹಿಡಿದು ಆಫ್ರಿಕದ ಹಸಿದವರವರೆಗೆ ಎಲ್ಲರನ್ನೂ ದೇವರಿಗೆ ಪರಿಚಯಿಸುತ್ತಿದ್ದೆ, ಆತನಿಗೆ ಅವರ ಗುರುತಿಲ್ಲವೇನೋ ಎಂಬಂತೆ. ಭದ್ರಾವತಿ ಕಡೆಯಿಂದ ರೈಲು ಕೂಗಿತೆಂದರೆ ಆಫ್ರಿಕವನ್ನು ಅರ್ಧಕ್ಕೇ ಬಿಟ್ಟು ‘ಆಮೆನ್’ ಎಂದು ಚಪ್ಪಲಿ ಮೆಟ್ಟುತ್ತಿದ್ದೆ.

ನನ್ನ ಹೆಂಡತಿ ಸುಗುಣ ಮಾತ್ರ ಒಂದು ಕಣ್ಣು ತೆರೆದೇ ಪ್ರಾರ್ಥಿಸುತ್ತಾಳೆಂಬುದು ನನಗೆ ತಿಳಿದಿತ್ತು. ಹೇಗೆ ತಿಳಿಯಿತೆಂದು ಓದುಗರು ಕೇಳಬಾರದು. ನಮ್ಮ ಚರ್ಚಿನ ಸಭಾಪಾಲಕರು ಮನೆಗೆ ಬಂದಾಗ ದೂರಿಟ್ಟೆ: “ಅಯ್ಯನವರೇ, ಇವಳಿಗೆ ಪ್ರಾರ್ಥನೆಯಲ್ಲಿ ಗಮನವೇ ಇಲ್ಲ. ಕಣ್ಣೆಲ್ಲ ಸ್ಟವ್ ಮೇಲೆ.”

“ಹೌದು ಅಯ್ಯನೋರೆ,” ಎಂದಳು ಸುಗುಣ. “ನನ್ನ ಕಣ್ಣು ಸ್ಟವ್ ಮೇಲಿರುತ್ತೆ, ಇವರ ಕಿವಿ ಸ್ಟೇಷನ್ನಲ್ಲಿರುತ್ತೆ. ದೇವ್ರ ಹತ್ರ ಪುಟ್ಟಿ ಒಬ್ಳೇ ಕೂತಿರ್ತಾಳೆ.”

ಪುಟ್ಟಿ ಎಂದರೆ ಆಗಷ್ಟೇ ನಡೆಯಲು ಕಲಿತಿದ್ದ ನಮ್ಮ ಮಗಳು. ಸಭಾಪಾಲಕರು ತೀರ್ಪು ಕೊಡಲಿಲ್ಲ. “ಕಾಫಿ ಚೆನ್ನಾಗಿದೆ ಕಣಮ್ಮ,” ಎಂದರು.

ಅದಾದ ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ, ಮನೆಯವರಿಗೆಲ್ಲ ಏಕಾಗ್ರತೆಯನ್ನು ದಯಪಾಲಿಸೆಂದು ನಾನು ಬೇಡುತ್ತಿದ್ದಾಗ ಪಕ್ಕದಲ್ಲಿ ಬಳೆಗಳ ಸದ್ದಾಯಿತು. ಸಿಟ್ಟಿನಿಂದ ಕಣ್ಣು ತೆರೆದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಪುಟ್ಟಿ ನೆಲದ ಮೇಲಿನ ಸ್ಟವ್ ಮುಂದೆ ನಿಂತಿದ್ದಳು. ಅವಳ ಬೆರಳು ಹಾಲಿನ ಪಾತ್ರೆಯ ಅಂಚಿಗೆ ಸಿಕ್ಕಿಸಿಟ್ಟಿದ್ದ ಇಕ್ಕಳವನ್ನು ಹಿಡಿದಿತ್ತು. ಸುಗುಣ ಮುಂದಕ್ಕೆ ಬಿದ್ದು ಫ್ರಾಕ್ ಹಿಡಿದು ಎಳೆದಳು. ಪಾತ್ರೆ ಉರುಳಿತು. ಮಗು ನಿಂತಿದ್ದ ಜಾಗದಲ್ಲಿ ಹಾಲು ಹಬೆಯಾಡುತ್ತ ಹರಿದು ಚಾಪೆಯನ್ನು ಮುಟ್ಟಿತು. ಮಗುವಿಗೆ ಏನೂ ಆಗಿರಲಿಲ್ಲ. ನನ್ನ ಕೈಗಳು ಆಗಲೂ ಜೋಡಿಸಿದಂತೆಯೇ ಇದ್ದವು.

ರೈಲು ಕೂಗಿತು. ನಾನು ಏಳಲಿಲ್ಲ.

ಮಗುವನ್ನು ಅವುಚಿಕೊಂಡಿದ್ದ ಸುಗುಣ, “ಆಮೆನ್ ಅನ್ರೀ, ಮುಗ್ಸಿ,” ಎಂದಳು. ನಾನು ಜೋಡಿಸಿದ್ದ ಕೈ ಬಿಡಿಸಿ ಸ್ಟವ್ ಆರಿಸಿದೆ. ‘ಇಲ್ಲಿಗೆ ಬಾ’ ಎಂದು ದಿನವೂ ಪ್ರಾರ್ಥನೆಯಲ್ಲಿ ನಾನು ಯಾರನ್ನು ಅಷ್ಟುದ್ದ ಕರೆಯುತ್ತಿದ್ದೆನೋ, ಆತ ಆ ಬೆಳಿಗ್ಗೆ ಸುಗುಣ ನೋಡುತ್ತಿದ್ದ ಕಡೆಗೇ ನೋಡುತ್ತಿದ್ದನೆಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ಮರುದಿನದಿಂದ ಸ್ಟವ್ ಕಾವಲು ನನ್ನದಾಯಿತು. ಕೈಯಲ್ಲಿ ಇಕ್ಕಳ ಹಿಡಿದು, ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸತೊಡಗಿದೆ. ಪ್ರಾರ್ಥನೆ ತಾನಾಗಿ ಚಿಕ್ಕದಾಯಿತು. ಸುಗುಣ ಪುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕಣ್ಣು ಮುಚ್ಚಿ ಕೂರುತ್ತಿದ್ದಳು. ಹಾಲಿನ ಬಗೆಗಿನ ನನ್ನ ಅಭಿಪ್ರಾಯವನ್ನೂ ತಿದ್ದಿಕೊಳ್ಳಬೇಕಾಯಿತು: ಎದುರು ನಿಂತು ದಿಟ್ಟಿಸುತ್ತಿದ್ದರೂ ಅದು ಉಕ್ಕುತ್ತದೆ.

“ರೀ, ಉಕ್ತಾ ಇದೆ,” ಎನ್ನುತ್ತಿದ್ದಳು ಸುಗುಣ, ಕಣ್ಣು ತೆರೆಯದೆ.